ಕಾಟಾ ಆಫೀಸಿನ ಕಂಪ್ಯೂಟರು

ಟಿಪ್ಪರುಗಳು ನಿಂತ ಮೇಲೆ ನಮ್ಮ ಮನೆಯವರೆಲ್ಲ ಮೆಲ್ಲಗೆ ಮಾತಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು. ಅಲ್ಲಿಯ ತನಕ ಗೋವೆಯ ಉಸಗಾಂವದ ನಮ್ಮ ಚಾಳದಲ್ಲಿ ಕೂಗದೆ ಮಾತಾಡಿದವರನ್ನು ನಾನು ಕಂಡವಳಲ್ಲ. ಅದಿರು ಹೇರಿಕೊಂಡ ಗಾಡಿಗಳು ಬೆಳಕು ಹರಿದಾಗಿನಿಂದ ಸಂಜೆಯವರೆಗೆ ಒಂದರ ಹಿಂದೊಂದು ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದವು. ಅವ್ವ ಉಪ್ಪಿನ ಡಬ್ಬಿ ಕೇಳಬೇಕಾದರೂ ಗಂಟಲೆತ್ತಿ ಕೇಳಬೇಕಾಗಿತ್ತು. ಚಾಳದಲ್ಲಿ ಎಂಟು ಖೋಲಿಗಳಿದ್ದವು. ಎಂಟರಲ್ಲೂ ವಿಜಯಪುರ, ಬಾಗಲಕೋಟಿ ಕಡೆಯ ಮಂದಿ. ಗಂಡಸರು ಗಾಡಿ ಓಡಿಸುವವರು ಇಲ್ಲವೇ ಗಣಿಯಲ್ಲಿ ದುಡಿಯುವವರು. ಒಂದೇ ನಲ್ಲಿ, ಅದರ ಮುಂದೆ ದಿನಾ ಜಗಳ. ಒಣಹಾಕಿದ ಬಟ್ಟೆ ಸಂಜೆ ತೆಗೆಯುವಷ್ಟರಲ್ಲಿ ಕೆಂಪಾಗಿರುತ್ತಿತ್ತು. ಹೊಸದಾಗಿ ಬಂದ ಹೆಂಗಸರು ಮೊದಲ ತಿಂಗಳು ಆ ಧೂಳಿಗೆ ಶಾಪ ಹಾಕುತ್ತಿದ್ದರು, ಎರಡನೆಯ ತಿಂಗಳು ಬಿಳಿ ಬಟ್ಟೆ ಕೊಳ್ಳುವುದನ್ನು ಬಿಡುತ್ತಿದ್ದರು.

ಗಣಿ ನಿಲ್ಲಿಸಬೇಕೆಂಬ ಹುಕುಂ ಬಂದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಎರಡು ತಿಂಗಳಲ್ಲಿ ಮತ್ತೆ ಶುರುವಾಗುತ್ತದೆ ಅಂದುಕೊಂಡರು. ದಸರೆ ಹೋಯಿತು, ಸಂಕ್ರಾಂತಿಯೂ ಹೋಯಿತು. ಆಮೇಲೆ ಒಂದೊಂದೇ ಮನೆಯವರು ಟ್ರಂಕು, ಹಾಸಿಗೆ ಸುರುಳಿ, ಸ್ಟವ್ವು ಕಟ್ಟಿಕೊಂಡು ಊರ ಬಸ್ಸು ಹತ್ತಿದರು. ಹೋಗುವವರು ಉಳಿದ ಜೋಳದ ಹಿಟ್ಟು, ಅರ್ಧ ಸವೆದ ಕಸಬರಿಗೆ, ತುಳಸಿಯ ಡಬ್ಬಿಗಳನ್ನು ನಮ್ಮ ಬಾಗಿಲಲ್ಲಿಟ್ಟು ಹೋದರು. ಬೇಸಿಗೆ ಬರುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಆರು ತುಳಸಿಗಳಿದ್ದವು, ಚಾಳದ ಏಳು ಬಾಗಿಲಿಗೆ ಬೀಗ. ಸೈಕಲ್ಲಿನ ಹಾರ್ನು ಒತ್ತುತ್ತ ಬೆಳಿಗ್ಗೆ ಪಾವು ತರುತ್ತಿದ್ದ ಪೊದೇರ ಒಂದು ಮನೆಗಾಗಿ ಆ ದಿಬ್ಬ ಹತ್ತುವುದನ್ನು ಬಿಟ್ಟ. ನಲ್ಲಿಯ ಮುಂದೆ ಅವ್ವ ಒಬ್ಬಳೇ ಕೊಡ ಇಟ್ಟು, ಅದು ತುಂಬುವವರೆಗೆ ಸುಮ್ಮನೆ ನಿಂತಿರುತ್ತಿದ್ದಳು. ಜಗಳವಾಡಲು ಯಾರೂ ಇಲ್ಲದ್ದು ಅವಳಿಗೆ ನಿಜಕ್ಕೂ ಕಷ್ಟವಾಯಿತೆಂದು ನನಗೆ ಈಗ ಅನ್ನಿಸುತ್ತದೆ.

ನಾವು ಉಳಿದದ್ದು ಅಪ್ಪನಿಂದಾಗಿ. ಅಪ್ಪ ಓಡಿಸುತ್ತಿದ್ದ ಟಿಪ್ಪರಿನ ಮಾಲೀಕರು ನಿಂತ ಗಾಡಿಗಳನ್ನೆಲ್ಲ ಒಂದು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ಅವನ್ನು ಕಾಯಲು ಅಪ್ಪನನ್ನೇ ಇಟ್ಟುಕೊಂಡರು. ಸಂಜೆ ಆರಕ್ಕೆ ಹೋದರೆ ಬೆಳಿಗ್ಗೆ ಬರುತ್ತಿದ್ದರು. ಅವ್ವ ಫೋಂಡಾದ ಹತ್ತಿರ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದಳು. ಅಪ್ಪ ಒಳಗೆ ಬರುವಾಗ ಅವ್ವ ಹೊರಗೆ, ಅವ್ವ ಬರುವಾಗ ಅಪ್ಪ ಹೊರಗೆ. ಇಬ್ಬರೂ ದಿನಕ್ಕೆ ಎರಡು ಸಲ ಹಾದಿಯಲ್ಲೋ ಬಾಗಿಲಲ್ಲೋ ಸಿಕ್ಕು ಕೀಲಿಕೈ ಬದಲಾಯಿಸಿಕೊಳ್ಳುತ್ತಿದ್ದರು.

ಇದರ ನಡುವೆ ಮಂಜಿಯ ಪ್ರಶ್ನೆ ಬಂತು. ಮಂಜುಳಾ ನನ್ನ ತಂಗಿ. ಅವಳಿಗೆ ಏಳು, ನನಗೆ ಹದಿಮೂರು. ಅವಳು ಹೋಗುತ್ತಿದ್ದ ಸಣ್ಣ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ನಾನು ಹೈಸ್ಕೂಲು, ಮಧ್ಯಾಹ್ನ ಒಂದೂವರೆಗೆ ಬಿಡುತ್ತಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ ಕೇಳಿದಳು.

"ಸುರೇಖಾ, ಸಾಲಿ ಬಿಟ್ಟ ಕೂಡ್ಲೇ ನೀ ಮಂಜೀನ ಕರಕೊಂಡ ಬಂದು ನೋಡಿಕೊಂಡ್ರ ಆಕಿನ್ನ ಇಲ್ಲೇ ಇಟಗೊಳ್ಳೂನು. ನಿಮ್ಮ ಸಾಲಿ ಬಾಜೂಕಿನ ಮರಾಠಿ ಸಾಲಿಗೆ ಹಾಕೂನು. ಇಲ್ಲಂದ್ರ ನಿಮ್ಮ ಮಾವ ಕರಕೊಂಡ ಹೊಕ್ಕಾನಂತ. ಏನಂತಿ?"

"ನನಗ ಓದೂದಿರತೈತೆವ್ವಾ. ಆಕಿ ಒಂದೂ ಮಾತ ಕೇಳೂದಿಲ್ಲ."

ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಆತ ಬಿಡು" ಅಂದಳು. ಅಷ್ಟೇ. ಮತ್ತೊಮ್ಮೆ ಕೇಳಲಿಲ್ಲ. ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಮಂಜಿ ನನ್ನ ಪೆನ್ಸಿಲ್ಲುಗಳ ತುದಿ ಕಡಿಯುತ್ತಿದ್ದಳು, ನನ್ನ ಹೊದಿಕೆ ಎಳೆದುಕೊಳ್ಳುತ್ತಿದ್ದಳು, ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು ಮಾತಾಡುತ್ತಿದ್ದಳು. ನಾಲ್ಕು ಗೋಡೆಯ ಆ ಒಂದೇ ಖೋಲಿಯಲ್ಲಿ ಒಂದು ಸಲವಾದರೂ ಒಬ್ಬಳೇ ಕೂರಬೇಕೆಂಬ ಆಸೆ ನನಗಿತ್ತು. ಜೂನಿನ ಮೊದಲ ವಾರ ಮಾವ ಬಂದು, ಹೊಸ ಚಪ್ಪಲಿ ಹಾಕಿಸಿ, ಅವಳನ್ನು ಮುದ್ದೇಬಿಹಾಳದ ಹತ್ತಿರದ ತಮ್ಮ ಊರಿಗೆ ಕರೆದುಕೊಂಡು ಹೋದ. ಅವ್ವ ಅತ್ತಳು. ಮಂಜಿ ಅಳಲಿಲ್ಲ. ಸಣ್ಣವಳು, ತಿಳಿಯುವುದಿಲ್ಲ ಅಂದುಕೊಂಡೆ.

ಬೇಡಿದ್ದು ನನಗೆ ಸಿಕ್ಕಿತು. ಮಧ್ಯಾಹ್ನ ಮನೆಗೆ ಬಂದರೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ನಾಲ್ಕರವರೆಗೆ ಏಳುತ್ತಿರಲಿಲ್ಲ. ತಟ್ಟೆ ಸದ್ದು ಮಾಡದಂತೆ ಮಡಿಲಲ್ಲಿಟ್ಟುಕೊಂಡು ಉಣ್ಣುವುದನ್ನು, ನೀರನ್ನು ತಂಬಿಗೆಯ ಅಂಚಿಗೆ ತಾಗಿಸಿ ಸುರಿಯುವುದನ್ನು ಕಲಿತೆ. ಹೊರಗೆ ಮಳೆ ಹಿಡಿದಿತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ನನಗೆ ಓದುವುದು ಏನೂ ಉಳಿದಿರಲಿಲ್ಲ, ಮಾತಾಡುವುದಕ್ಕೂ ಯಾರೂ ಇರಲಿಲ್ಲ. ಭಾನುವಾರ ಅವ್ವ ಮಾವನ ಫೋನಿಗೆ ಹಚ್ಚಿದಾಗ ನನ್ನ ಸರದಿ ಬಂದರೆ "ಉಂಡೇನ?" ಅನ್ನುತ್ತಿದ್ದೆ. "ಉಂಡೆ" ಅನ್ನುತ್ತಿದ್ದಳು ಮಂಜಿ. ಅದರ ಮುಂದೆ ಇಬ್ಬರಿಗೂ ಏನೂ ಹೊಳೆಯುತ್ತಿರಲಿಲ್ಲ.

ಆ ಮಳೆಗಾಲದಲ್ಲೇ ಕಾಟಾಬಾಬ ನಮ್ಮ ಮನೆಗೆ ಕಂಪ್ಯೂಟರು ತಂದದ್ದು. ಗಾಡಿಗಳನ್ನು ನಿಲ್ಲಿಸಿದ್ದ ಬಯಲಿನ ಬಾಗಿಲಲ್ಲಿ ತೂಕದ ಕಾಟಾ ಇತ್ತು. ಅದಿರು ತುಂಬಿದ ಪ್ರತಿ ಟಿಪ್ಪರು ಆ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಲ್ಲಬೇಕು. ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ತೂಕ ಬರೆದು ಚೀಟಿ ಕೊಡುತ್ತಿದ್ದ ಗೋವೆಯ ಹಿರಿಯರನ್ನು ಎಲ್ಲರೂ ಕಾಟಾಬಾಬ ಅನ್ನುತ್ತಿದ್ದರು. ಇಪ್ಪತ್ತು ವರ್ಷ ನಮ್ಮ ಡ್ರೈವರುಗಳ ಕೂಡ ಮಾತಾಡಿ ಅವರಿಗೆ ನಮ್ಮ ಕನ್ನಡ ಬರುತ್ತಿತ್ತು. ಹೆಂಡತಿ ಎಂದೋ ತೀರಿಕೊಂಡಿದ್ದರು. ಒಬ್ಬನೇ ಮಗ ಸಿದ್ಧೇಶ ಇಂಗ್ಲೆಂಡಿನ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಕಾಟಾ ಕೋಣೆ ಖಾಲಿ ಮಾಡಿ ಅಂದಾಗ ಅಲ್ಲಿದ್ದ ಹಳೆಯ ಕಂಪ್ಯೂಟರನ್ನು ಮಾಲೀಕರನ್ನು ಕೇಳಿ, ಅಪ್ಪನ ಕೈಲಿ ಹೊರಿಸಿಕೊಂಡು ಬಂದರು.

"ಗುಜರಿಯವನಿಗೆ ಹಾಕೂದಕ್ಕಿಂತ ನಿಮ್ಮ ಹುಡುಗಿ ಕಲೀಲಿ" ಅಂದರು ಅವ್ವನಿಗೆ. "ಹಳೇದೈತಿ, ಸತ್ತಿಲ್ಲ."

ಮಂಜಿಯ ಹಾಸಿಗೆ ಇಡುತ್ತಿದ್ದ ಟ್ರಂಕಿನ ಮೇಲೆ ಅದನ್ನಿಟ್ಟೆವು. ದಪ್ಪ ಬೆನ್ನಿನ ಪರದೆ, ಕಪ್ಪು ಡಬ್ಬಿ. ಕೀಬೋರ್ಡಿನಲ್ಲಿ ಅಂಕಿಗಳೆಲ್ಲ ಅಳಿಸಿಹೋಗಿದ್ದವು, ಅಕ್ಷರಗಳು ಹೊಸದರಂತೆ ಉಳಿದಿದ್ದವು. ಮುಂದಿನ ಭಾನುವಾರ ಕಾಟಾಬಾಬ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಆಟದ ಡಿಸ್ಕುಗಳನ್ನು ತಂದರು. ಮೇಲೆ ಹಿಮದ ಬೆಟ್ಟ, ಒಬ್ಬ ಕುದುರೆ ಸವಾರ.

"ನನ್ನ ಸಿದ್ಧೇಶ ಎರಡು ವರ್ಷ ಇದರೊಳಗ ಇದ್ದ, ಮಗಳ. ಬಾಗಿಲಾ ಹಾಕ್ಕೊಂಡು. ನಾ ಊಟಕ್ಕ ಕರೀಬೇಕು, ಅಂವ 'ದೋನ್ ಮಿನ್ಟಾಂ ಬಾಬಾ', ಎರಡ ಮಿನಿಟು, ಅನ್ನಬೇಕು. ಒಳಗ ಏನಿತ್ತಂತ ನಾ ಒಂದಿನಾನೂ ನೋಡ್ಲಿಲ್ಲ. ಹಾಕು, ನೋಡೂಣ."

ಹಾಕಿದೆವು. ಡಿಸ್ಕುಗಳನ್ನು ಒಂದಾದ ಮೇಲೊಂದು ನುಂಗುವುದಕ್ಕೇ ಅದಕ್ಕೆ ಅರ್ಧ ದಿನ ಬೇಕಾಯಿತು. ಕೊನೆಗೆ, ಈ ಆಟ ನಡೆಸುವ ಶಕ್ತಿ ಈ ಯಂತ್ರಕ್ಕಿಲ್ಲ ಎಂಬ ಅರ್ಥದ ಒಂದು ಮಾತು ಬಂತು. ಆದರೂ ಮುಂದಕ್ಕೆ ಒತ್ತಿದೆ. ಪರದೆ ಕಪ್ಪಾಯಿತು. ಆ ಕತ್ತಲೊಳಗಿಂದ ಗಾಳಿಯ ಸದ್ದು ಬಂತು, ಎಲ್ಲೋ ಒಂದು ಕುದುರೆ ಸೀನಿತು. ತುಸು ಹೊತ್ತಿಗೆ ಒಂದು ಬೆಟ್ಟವೂ ಅರ್ಧ ಸವಾರನೂ ಕಾಣಿಸಿಕೊಂಡು ಹಾಗೇ ನಿಂತುಬಿಟ್ಟವು. ಸದ್ದು ಮಾತ್ರ ಮುಂದೆ ಹೋಗುತ್ತಿತ್ತು. ಗೊರಸು, ನದಿ, ಯಾರದೋ ಮಾತು. ಅವ್ವ ಅಡುಗೆ ಒಲೆಯ ಕಡೆಯಿಂದಲೇ ಇಣುಕಿ, ರೇಡಿಯೋ ಇದ್ದಂತೆ ಐತಲ್ಲ ಅಂದಳು. ಕಾಟಾಬಾಬ ಚಶ್ಮಾ ತೆಗೆದು ಒರೆಸಿಕೊಂಡರು.

"ಓವರ್‌ಲೋಡ್" ಅಂದರು. "ಇಳಿಸಬೇಕು."

ಹೆಚ್ಚು ಅದಿರು ತುಂಬಿಕೊಂಡು ಬಂದ ಗಾಡಿಗೆ ಅವರು ಹೇಳುತ್ತಿದ್ದ ಮಾತು ಅದು. ಎಷ್ಟು ಇಳಿಸಬೇಕು, ಏನನ್ನು ಇಳಿಸಬೇಕು ಎನ್ನುವುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಆ ವಾರ ಅವರು ಮಗನನ್ನು ಕೇಳಿದರು. ಅದರ ಮರುವಾರ ಬಂದಾಗ ಅವರ ಜೇಬಿನಲ್ಲಿ ಹಳೆಯ ತೂಕದ ಚೀಟಿಗಳಿದ್ದವು. ಮುಂದಿನ ಮೈಯಲ್ಲಿ ಗಾಡಿಯ ನಂಬರು, ತುಂಬಿದ ತೂಕ, ಖಾಲಿ ತೂಕ. ಹಿಂದಿನ ಮೈಯಲ್ಲಿ ಸಿದ್ಧೇಶ ಫೋನಿನಲ್ಲಿ ಹೇಳಿ ಬರೆಸಿದ್ದು. ಮೊದಲು ಡಬ್ಬಿ ಬಿಚ್ಚಿ ಧೂಳು ತೆಗೆಯಬೇಕು. ಬಿಚ್ಚಿದೆವು. ಒಳಗೆ ಅದಿರಿನ ಕೆಂಪು ಧೂಳು ಬೆರಳ ದಪ್ಪ ಕೂತಿತ್ತು. ಅಪ್ಪ ಎಲ್ಲಿಂದಲೋ ಬಣ್ಣ ಹಚ್ಚುವ ಹೊಸ ಬ್ರಷ್ಷು ತಂದುಕೊಟ್ಟರು. ನಾನು ಕಟ್ಟೆಯ ಮೇಲೆ ಕೂತು ಒಂದೊಂದೇ ಸಂದಿಯಿಂದ ಧೂಳು ಉದುರಿಸಿದೆ, ನನ್ನ ಲಂಗವೆಲ್ಲ ಕೆಂಪಾಯಿತು. ಆಮೇಲಿನ ಚೀಟಿಯಂತೆ ಕಾಟಾಬಾಬ ಸತ್ತುಹೋಗಿದ್ದ ಇನ್ನೊಂದು ಕಂಪ್ಯೂಟರಿನಿಂದ ಮೆಮೊರಿಯ ಪಟ್ಟಿಯೊಂದನ್ನು ಕಿತ್ತು ತಂದರು. ಟಕ್ ಅಂತ ಅದು ಕೂತಾಗ ಇಬ್ಬರೂ ಉಸಿರು ಬಿಟ್ಟೆವು. ಡಬ್ಬಿಯ ಮುಚ್ಚಳ ಮತ್ತೆ ಹಾಕಲೇ ಇಲ್ಲ. ಅದರ ಬಾಯಿಗೆ ಟೇಬಲ್ ಫ್ಯಾನು ಹಿಡಿದೆವು. ಆ ಸೆಖೆಯ ದಿನಗಳಲ್ಲಿ ಮನೆಯಲ್ಲಿದ್ದ ಒಂದೇ ಫ್ಯಾನು ಕಂಪ್ಯೂಟರಿಗೆ ಹೋಯಿತು. ಅಪ್ಪ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡರು.

ಆಮೇಲೆ ಇಳಿಸುವ ಕೆಲಸ. ಮೊದಲು ನೆರಳುಗಳನ್ನು ತೆಗೆದೆವು. ಮರ, ಮನೆ, ಕುದುರೆ ಯಾವುದಕ್ಕೂ ನೆರಳಿಲ್ಲ. ಸಾಲಲಿಲ್ಲ. ಹುಲ್ಲು ತೆಗೆದೆವು. ದೂರದ ಬೆಟ್ಟಗಳನ್ನು ಮಂಜಿನಲ್ಲಿ ಮುಚ್ಚಿದೆವು. ನದಿಯ ಹೊಳಪು ತೆಗೆದೆವು. ಸಂತೆಯ ಮಂದಿಯನ್ನು ಮೊದಲು ಅರ್ಧಕ್ಕೆ ಇಳಿಸಿ, ಕೊನೆಗೆ ಸೊನ್ನೆ ಬರೆದೆವು. ಚಿತ್ರವನ್ನು ಪರದೆಯ ನಡುವೆ ಅಂಚೆ ಕಾರ್ಡಿನಷ್ಟು ಚಿಕ್ಕದು ಮಾಡಿದೆವು. ಒಂದೊಂದು ಬದಲಾವಣೆಗೂ ಒಂದೊಂದು ವಾರ, ಒಂದೊಂದು ಚೀಟಿ. ಕಾಟಾಬಾಬ ಓದಿ ಹೇಳುವರು, ನಾನು ಒತ್ತುವೆ, ಇಬ್ಬರೂ ಕಾಯುವೆವು.

"ಮೊದಲು ಅಂವ ವಾರಕ್ಕ ಎರಡು ಮಿನಿಟು ಮಾತಾಡಾಂವ" ಅಂದರು ಒಮ್ಮೆ, ಚೀಟಿಗಳನ್ನು ಅನುಕ್ರಮವಾಗಿ ಜೋಡಿಸುತ್ತ. "ಈಗ ಅರ್ಧ ತಾಸು. ಆ ಹುಡುಗಿ ಕಂಪ್ಯೂಟರ್ ಏನಾಯ್ತು ಬಾಬಾ ಅಂತ ಅಂವನೇ ಕೇಳ್ತಾನ."

ಚೌತಿ ಮುಗಿದು, ಅವರು ತಂದುಕೊಟ್ಟ ನೇವ್ರಿಗಳ, ಅಂದರೆ ಕರಜಿಕಾಯಿಗಳ, ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ, ಆಗ ಒಂದು ಭಾನುವಾರ ಕುದುರೆ ನಡೆಯಿತು. ತೊದಲುತ್ತ, ಕುಂಟುತ್ತ ನಡೆಯಿತು. ಆದರೂ ನಾನು ತಿರುಗಿಸಿದ ಕಡೆಗೆ ತಿರುಗಿತು. ಕಾಟಾಬಾಬ ಮುಂದಕ್ಕೆ ಬಾಗಿ ಅಂಗೈಯಷ್ಟು ಚಿತ್ರವನ್ನು ತುಂಬ ಹೊತ್ತು ನೋಡಿದರು. "ಹಿಂಗ ಇತ್ತಾ" ಅಂದರು, ಯಾರಿಗೂ ಅಲ್ಲ.

ಅಲ್ಲಿಂದ ಮುಂದಿನ ನನ್ನ ಮಧ್ಯಾಹ್ನಗಳೆಲ್ಲ ಅದರೊಳಗೆ ಹೋದವು. ಶಾಲೆಯಿಂದ ಬಂದು ಆಟ ಶುರು ಮಾಡಿ, ಒಲೆಯ ಮೇಲೆ ಅಕ್ಕಿ ಇಡುತ್ತಿದ್ದೆ; ಅನ್ನವಾಗುವುದಕ್ಕೂ ಬೆಟ್ಟಗಳು ಮೂಡುವುದಕ್ಕೂ ಸರಿಹೋಗುತ್ತಿತ್ತು. ಅಪ್ಪ ಮಲಗಿರುತ್ತಿದ್ದರಿಂದ ಸದ್ದು ಪೂರ್ತಿ ಆರಿಸುತ್ತಿದ್ದೆ. ಆ ಆಟದಲ್ಲಿ ಕತೆಯೊಂದಿತ್ತು, ಯುದ್ಧಗಳಿದ್ದವು. ಮೂವರು ಶತ್ರುಗಳಿಗಿಂತ ಹೆಚ್ಚು ಬಂದರೆ ಯಂತ್ರ ಸ್ತಬ್ಧವಾಗುತ್ತಿತ್ತು, ಹಾಗಾಗಿ ಜನ ಸೇರುವ ಕಡೆಗೆ ನಾನು ಹೋಗಲೇ ಇಲ್ಲ. ಸದ್ದಿಲ್ಲದ, ನೆರಳಿಲ್ಲದ ಬಯಲಿನಲ್ಲಿ ಕುದುರೆ ಹತ್ತಿ ಸುಮ್ಮನೆ ಅಲೆದೆ. ಊರಿಂದೂರಿಗೆ ಹೋದರೂ ಎಲ್ಲೂ ಯಾರೂ ಇರುತ್ತಿರಲಿಲ್ಲ. ಅಂಗಡಿಗಳಲ್ಲಿ ಹಣ್ಣುಗಳ ರಾಶಿ ಇತ್ತು, ಮಾರುವವರಿರಲಿಲ್ಲ. ಕತೆಯ ಮಾತುಗಳಿಗೆ ಬೇಕಾದ ಒಬ್ಬಿಬ್ಬರು ಮಾತ್ರ ಎಲ್ಲೋ ಮೂಲೆಯಲ್ಲಿ ನಿಂತಿರುತ್ತಿದ್ದರು. ಅವರ ಮುಂದೆ ಹೋದರೆ ಕತೆ ಮುಂದುವರಿದು ಯುದ್ಧ ಬರುತ್ತದೆಂದು ಅವರನ್ನೂ ತಪ್ಪಿಸಿ ಹೋಗುತ್ತಿದ್ದೆ. ನನಗೆ ಅದು ಸುಖವಾಗಿತ್ತೆಂದು ಹೇಳಲಾರೆ. ಬಿಡಲಾಗುತ್ತಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಇಂದಿಗೂ ನಾನು ಮದುವೆ ಮನೆಗಳಲ್ಲಿ ಜನ ಕಡಿಮೆ ಇರುವ ಬಾಗಿಲನ್ನೇ ಮೊದಲು ಹುಡುಕುತ್ತೇನೆ.

ಒಂದು ದಿನ ಅಪ್ಪ ಬೇಗ ಎದ್ದು ನನ್ನ ಹಿಂದೆ ಬಂದು ನಿಂತಿದ್ದರು.

"ಇದ್ಯಾವ ಊರು?"

"ಊರ ಅಲ್ಲಪ್ಪಾ, ಆಟ."

"ಮಳಿ ಆಗಿಲ್ಲೇನು ಅಲ್ಲೆ? ಒಂದ ಎಸಳ ಹುಲ್ಲಿಲ್ಲ."

"ಹುಲ್ಲ ಹಾಕಿದ್ರ ಕಂಪ್ಯೂಟರ್ ತಡ್ಯೂದಿಲ್ಲ."

"ಮತ್ತ ಕುದರಿಗೆ ಏನ ತಿನ್ನಾಕ ಹಾಕ್ತಿ?"

ನಾನು ನಕ್ಕೆ. ಅವರು ನಗಲಿಲ್ಲ, ನಿಜವಾಗಿಯೇ ಕೇಳಿದ್ದರು. ಚಹಾ ಕುಡಿಯುವವರೆಗೂ ನಿಂತು ನೋಡಿ, "ಭಾಳ ಓಡಿಸಬ್ಯಾಡ ಅದನ್ನ" ಎಂದು ಹೇಳಿ ಕೆಲಸಕ್ಕೆ ಹೋದರು.

ಆಟ ನಡೆಯತೊಡಗಿದ ಮೇಲೆ ಕಾಟಾಬಾಬ ಬಂದಾಗ ಅವರ ಜೇಬಿನಲ್ಲಿ ಚೀಟಿಗಳಿರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಹಿಡಿದುಕೊಂಡು, "ಎಲ್ಲಾ ಚಲೋ ನಡದೈತಿ?" ಎಂದು ಕೇಳುವರು. ನಡದೈತ್ರಿ ಅನ್ನುವೆ. ಸಿದ್ಧೇಶ ಫೋನ್ ಮಾಡಿದ್ದನೇ ಎಂದು ಅವ್ವ ಕೇಳಿದಳು.

"ಮಾಡಿದ್ದ. ಊಟ ಆಯ್ತಾ ಅಂದ. ಆಯ್ತು ಅಂದೆ. ಇಟ್ಟ."

ಅವರು ಅದನ್ನು ದುಃಖದಿಂದ ಹೇಳಲಿಲ್ಲ. ತೂಕ ಓದಿ ಹೇಳಿದ ಹಾಗೆ ಹೇಳಿದರು. ಮುಂದಿನ ಭಾನುವಾರ ಅವರು ಚಪ್ಪಲಿ ಬಿಡುತ್ತಿದ್ದಂತೆಯೇ ನಾನು ಹೇಳಿದೆ, "ಬಾಬ, ನೀರಿನ ಸನೇಕ ಹೋದ್ರ ಪರದಿ ಪೂರಾ ನೀಲಿ ಆಗಾಕತ್ತೈತ್ರಿ." ಹಾಗೇನೂ ಆಗಿರಲಿಲ್ಲ. ಅವರು ಪೆನ್ನು ತೆಗೆದು, ಎಷ್ಟು ಹತ್ತಿರ ಹೋದಾಗ, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಂಡರು. ಮರುವಾರ ಮೂರು ಚೀಟಿ ತುಂಬ ಬರೆದು ತಂದರು. ನಾನು ಎಲ್ಲ ಮಾಡಿದಂತೆ ಮಾಡಿ, ಸರಿಹೋಯಿತು ಅಂದೆ. ಆಮೇಲಿನ ವಾರ ಹಿಮ ಕಪ್ಪಾಗಿ ಬೀಳುತ್ತದೆ ಅಂದೆ. ಅದರ ಮುಂದಿನ ವಾರ ಕುದುರೆಯ ಹಿಂಗಾಲು ನೆಲದೊಳಗೆ ಹೋಗುತ್ತದೆ ಅಂದೆ. ಶಾಲೆಗೆ ನಡೆದು ಹೋಗುವಾಗ ಹೊಸ ರೋಗಗಳನ್ನು ಯೋಚಿಸುತ್ತಿದ್ದೆ. ಇನ್ನೊಬ್ಬರಿಗಾಗಿ ನಾನು ಹೇಳಿದ ಮೊದಲ ಸುಳ್ಳುಗಳು ಅವು.

ಒಂದು ಭಾನುವಾರ ಕಾಟಾಬಾಬ ಫೋನನ್ನೇ ನನ್ನ ಕೈಗೆ ಕೊಟ್ಟರು. ಸಿದ್ಧೇಶನಿಗೆ ನನ್ನ ಕೂಡ ಮಾತಾಡಬೇಕಿತ್ತಂತೆ. ಅವನು ಕೊಂಕಣಿಯಲ್ಲಿ ಮಾತಾಡಿದ. ನನಗೆ ಅಷ್ಟು ಹೊತ್ತಿಗೆ ಶಾಲೆಯಿಂದ ಕೊಂಕಣಿ ಬರುತ್ತಿತ್ತು. ಆ ಯಂತ್ರದಲ್ಲಿ ಹಿಮದ ಆ ತೊಂದರೆ ಬರಲು ಸಾಧ್ಯವೇ ಇಲ್ಲ, ಗೊತ್ತೇ, ಎಂದು ಕೇಳಿದ. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಕಾಟಾಬಾಬ ಎದುರಿಗೇ ಕೂತಿದ್ದರು.  ಅವನೇ, ಮುಂದಿನ ವಾರ ಏನು ಕೆಡುತ್ತದೆ ಎಂದು ಈಗಲೇ ಹೇಳಿಬಿಡು, ನಾನು ಓದಿಕೊಂಡು ತಯಾರಾಗಿರುತ್ತೇನೆ, ಅಂದ. ನಾನು ಯೋಚಿಸಿ, ಸೇತುವೆ, ಅಂದೆ. ಸರಿ, ಸೇತುವೆ, ಅಂದ.

"ಏನಂದ?" ಎಂದು ಕೇಳಿದರು ಕಾಟಾಬಾಬ.

"ಇನ್ನೂ ಭಾಳ ಕೆಲಸ ಐತಂತ್ರಿ" ಅಂದೆ.

ಅದನ್ನು ಕೇಳಿ ಅರಳಿದ ಅವರ ಮುಖ ನೋಡಿದ ಆ ದಿನ ನನಗೆ ಮಂಜಿಯ ನೆನಪು ಬಹಳವಾಯಿತು. ಸಂಜೆ ಅವ್ವ ಫೋನ್ ಹಚ್ಚಿದಾಗ "ಉಂಡೇನ" ಅನ್ನುವ ಬದಲು, ದೀಪಾವಳಿಗೆ ಬಾ, ನಿನಗೊಂದು ಕುದರಿ ತೋರಸ್ತೀನಿ ಅಂದೆ. "ಖರೇ ಕುದರಿ?" ಅಂದಳು. "ಬಂದು ನೋಡು" ಅಂದೆ.

ದೀಪಾವಳಿ ಸೂಟಿಗೆ ಮಾವ ಅವಳನ್ನು ಕರೆತಂದು ಬಿಟ್ಟು, ಮೂರು ದಿನಕ್ಕೆ ವಾಸ್ಕೋದಲ್ಲಿದ್ದ ತನ್ನ ಗೆಳೆಯನ ಮನೆಗೆ ಹೋದ. ಐದು ತಿಂಗಳಲ್ಲಿ ಅವಳು ಎತ್ತರವಾಗಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು. ಬಾಗಿಲಲ್ಲಿ ನಿಂತು, ಟ್ರಂಕಿನ ಮೇಲಿನ ಕಂಪ್ಯೂಟರು ನೋಡಿ, ತನ್ನ ಚೀಲವನ್ನು ಎಲ್ಲಿಡಲಿ ಎಂದು ಅವ್ವನನ್ನು ಕೇಳಿದಳು. ನೆಂಟರು ಕೇಳುವ ಹಾಗೆ. ಮರುದಿನ ಮಧ್ಯಾಹ್ನ ನಾನು ಆಟ ಹಚ್ಚಿ, ಅನ್ನವಾಗುವವರೆಗೆ ಕಾಯಿಸಿ, ಅವಳನ್ನು ಮುಂದೆ ಕೂರಿಸಿ ಅವಳ ಕೈಯನ್ನು ಮೌಸಿನ ಮೇಲಿಟ್ಟೆ. ಅವಳು ಕುದುರೆಯನ್ನು ನೇರ ಊರೊಳಗೆ ಹೊಡೆದುಕೊಂಡು ಹೋದಳು.

"ಮಂದಿ ಎಲ್ಲಿ?"

"ಮಂದಿ ಇದ್ರ ಇದು ತಡ್ಯೂದಿಲ್ಲ. ತಗದೀನಿ."

"ಎಲ್ಲಾರ್ನೂ?"

"ಹೂಂ."

"ನೀನ ತಗದೇನು?"

ನಾನು ಹೂಂ ಅಂದೆ. ಅವಳು ಎರಡು ಓಣಿ ತಿರುಗಿಸಿ, ಒಂದು ಬಾಗಿಲಿಗೆ ಕುದುರೆಯ ಮುಖ ಹಚ್ಚಿ ನಿಲ್ಲಿಸಿ, ಬ್ಯಾಸರಾತು ಎಂದು ಎದ್ದುಹೋದಳು. ಹೊರಗೆ ಚಾಳದ ಉದ್ದಕ್ಕೂ ಓಡಿ ಏಳು ಬೀಗಗಳನ್ನೂ ಒಂದೊಂದಾಗಿ ಅಲ್ಲಾಡಿಸಿದ ಸದ್ದು ಕೇಳಿತು. ಆ ಸಂಜೆ ಊಟಕ್ಕೆ ಕೂತಾಗ ಅವ್ವ ಅವಳ ತಟ್ಟೆಗೆ ಶಾವಿಗೆ ಪಾಯಸ ಬಡಿಸುತ್ತಿದ್ದಳು.

"ಅವ್ವಾ, ಮನಿಗಿ ಯಾವಾಗ ಹೋಗೂದು?"

ಅವ್ವನ ಕೈಯಲ್ಲಿದ್ದ ಸೌಟು ನಿಂತಿತು. ಆಮೇಲೆ, ನಾಡದ ನಿಮ್ಮ ಮಾವ ಬರ್ತಾನ, ಎಂದಷ್ಟೇ ಹೇಳಿ ಬಡಿಸಿದಳು. ನನಗೆ ಉಣ್ಣಲಾಗಲಿಲ್ಲ. ಮರುದಿನ ಬೆಳಿಗ್ಗೆ ಮಂಜಿ ಕಟ್ಟೆಯ ಮೇಲೆ ತುಳಸಿಗಳಿಗೆ ನೀರು ಹಾಕುತ್ತಿದ್ದಾಗ ಹತ್ತಿರ ಹೋಗಿ ಕೂತೆ. 

"ಮಂಜಿ, ನಿನ್ನ ಇಲ್ಲೇ ಇಟಗೊಳ್ಳೂನೇನು ಅಂತ ಅವ್ವ ನನ್ನ ಕೇಳಿದ್ಲು. ನಾ ಒಲ್ಲೆ ಅಂದೆ."

"ಗೊತ್ತೈತಿ."

"ಹೆಂಗ?"

"ನಾ ಇಲ್ಲೇ ಕುಂತಿದ್ದೆ. ಮಾತ ಕೇಳೂದಿಲ್ಲ ಅಂದಿ." ಅವಳು ತಂಬಿಗೆಯ ಕೊನೆಯ ಹನಿಯನ್ನು ಕೊನೆಯ ಗಿಡಕ್ಕೆ ಹಾಕಿದಳು. "ಈಗ ಅತ್ತಿ ಹೇಳಿದ್ದೆಲ್ಲಾ ಕೇಳ್ತೀನಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಒಳಗೆ ಹೋಗಿ ಅವ್ವನಿಗೆ ಹೇಳಿದೆ, ಮಂಜಿಯನ್ನು ಕಳಿಸಬೇಡ, ನಾನೇ ಶಾಲೆಗೆ ಕರೆದುಕೊಂಡು ಹೋಗುತ್ತೇನೆ, ಕರೆತರುತ್ತೇನೆ, ಕಂಪ್ಯೂಟರು ಬೇಕಾದರೆ ಕಾಟಾಬಾಬನಿಗೆ ತಿರುಗಿ ಕೊಡುತ್ತೇನೆ. ಅವ್ವ ನನ್ನನ್ನು ಬೈಯಲಿಲ್ಲ. ಮಂಜಿಯನ್ನು ಕರೆದು ಮುಂದೆ ಕೂರಿಸಿಕೊಂಡಳು. ಅಪ್ಪ ಮುಖ ತೊಳೆದು ಬಂದು ಟವೆಲ್ಲು ಹಿಡಿದು ಅಲ್ಲೇ ನಿಂತರು.

"ಮಂಜವ್ವಾ, ಇಲ್ಲೇ ಇರ್ತಿಯೇನು? ಅಕ್ಕ ನೋಡಿಕೊಳ್ತಾಳಂತ."

ಮಂಜಿ ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಅಲ್ಲಿ ತನ್ನ ಬೆಂಚಿನಲ್ಲಿ ಕೂರುವ ಭಾಗ್ಯಾ ಇದ್ದಾಳೆ, ಆಡು ಈದು ಎರಡು ಮರಿ ಆಗಿವೆ, ಸಂಜೆ ಓಣಿಯಲ್ಲಿ ಎಲ್ಲರೂ ಆಡುತ್ತಾರೆ ಎಂದು ಬೆರಳು ಮಡಚಿ ಹೇಳಿದಳು. "ಅಲ್ಲೇ ಇರ್ತೀನವ್ವಾ. ಸೂಟ್ಯಾಗ ಬರ್ತೀನಿ." ಅಪ್ಪ ಒಣಗಿದ್ದ ಮುಖವನ್ನು ಇನ್ನೊಮ್ಮೆ ಒರೆಸಿಕೊಂಡರು. ಮಾವ ಬಂದ, ಅವಳು ಹೋದಳು. ಹಾಗೆ ಹೇಳಿದಂತೆಯೇ ಪ್ರತಿ ಸೂಟಿಗೆ ಬಂದಳು, ಹತ್ತನೆಯ ತರಗತಿಯವರೆಗೆ ಅಲ್ಲೇ ಓದಿದಳು, ಈಗ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ನಮ್ಮಿಬ್ಬರಲ್ಲಿ ಪ್ರೀತಿಗೆ ಕೊರತೆ ಇಲ್ಲ. ಆದರೆ ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರು ಅರ್ಧ ಮಾತಿನಲ್ಲೇ ನಕ್ಕುಬಿಡುತ್ತಾರಲ್ಲ, ಅದು ನಮಗೆ ಬರಲಿಲ್ಲ; ನಾವು ಒಬ್ಬರಿಗೊಬ್ಬರು ಪೂರ್ತಿ ಮಾತುಗಳಲ್ಲೇ ಹೇಳಬೇಕು. ಸಿದ್ಧೇಶ ಮರುವರ್ಷ ಒಂದು ತಿಂಗಳಿಗೆ ಬಂದಾಗ ಕಾಟಾಬಾಬ ಅವನನ್ನು ನಮ್ಮ ಕಟ್ಟೆಗೆ ಕರೆತಂದು, ನನ್ನನ್ನು ತೋರಿಸಿ, ಇವಳೇ, ಅಂದರು. ಅವರಿಗೆ ನನ್ನ ಸುಳ್ಳುಗಳು ಮೊದಲೇ ಗೊತ್ತಿದ್ದವೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಮಂಜಿ ಹೋದ ಮರುದಿನ ಶಾಲೆ ಶುರುವಾಗಿತ್ತು. ಮಧ್ಯಾಹ್ನ ಬಂದು ಉಂಡೆ, ಅಪ್ಪ ಮಲಗಿದ್ದರು. ಕಂಪ್ಯೂಟರಿನ ಗುಂಡಿ ಒತ್ತಲಿಲ್ಲ. ನಾಲ್ಕಕ್ಕೆ ಅಪ್ಪ ಎದ್ದರು, ಇಬ್ಬರೂ ಚಹಾ ಕುಡಿದೆವು, ಆರಕ್ಕೆ ಅವರು ಹೊರಟಾಗ ನಾನೂ ಬಾಗಿಲಿಗೆ ಬೀಗ ಹಾಕಿ ಅವರ ಜೊತೆ ಹೊರಬಿದ್ದೆ. ಬಯಲಿನ ಬಾಗಿಲ ತನಕ ಬಂದು, ಅಲ್ಲಿಂದ ಒಬ್ಬಳೇ ತಿಸ್ಕದ ಬಸ್ ಸ್ಟಾಪಿಗೆ ನಡೆದೆ. ಅಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳಿದ್ದಳು, ಕಾಲೇಜಿನ ಹುಡುಗಿಯರಿದ್ದರು. ಎರಡು ಬಸ್ಸು ಬಂದು ಹೋದವು. ಮೂರನೆಯದರಿಂದ ಅವ್ವ ಇಳಿದಳು. ನನ್ನನ್ನು ಕಂಡು ಅವಳ ಮುಖ ಬಿಳಿಚಿತು.

"ಯಾಕ ಬಂದಿ? ನಿಮ್ಮಪ್ಪಗ ಏನಾತು?"

"ಏನಿಲ್ಲ. ಸುಮ್ನ ಬಂದೆ."

ಅವಳು ನಂಬಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಳು. ಕ್ಯಾಂಟೀನಿನ ಎಣ್ಣೆ, ಈರುಳ್ಳಿಯ ವಾಸನೆ ಅವಳ ಸೀರೆಯಿಂದ ಬರುತ್ತಿತ್ತು.

"ಮನ್ಯಾಗ ಒಬ್ಬಾಕೆ ಇರಾಕ ಆಗೂದಿಲ್ಲವ್ವಾ ನನಗ."

ಅವ್ವ ನಡೆಯತೊಡಗಿದಳು. ನಾನು ಅವಳ ಹಿಂದೆ ನಡೆದೆ. ದಿಬ್ಬದ ಬುಡದಲ್ಲಿ ಅವಳು ಉಸಿರಿಗೆ ನಿಂತು, ನಾನು ಪಕ್ಕಕ್ಕೆ ಬರುವವರೆಗೆ ಕಾದಳು.

"ನನಗೂ ಆಗೂದಿಲ್ಲ" ಅಂದಳು. "ಬಸ್ಸಿನ್ಯಾಗ ಕುಂತಾಗ. ಕೆಲಸದಾಗ ತಿಳ್ಯೂದಿಲ್ಲ, ಬಸ್ಸಿನ್ಯಾಗ ತಿಳಿತೈತಿ."

ಅವಳ ಎರಡು ಚೀಲಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟಳು. ನಾಳೆನೂ ಬಾ, ಅಂದಳು. ನಾವು ದಿಬ್ಬ ಹತ್ತಿದೆವು.